ಧೂಳಿನ ವಿಷವನ್ನು ಅಳೆಯುವುದು ಹೇಗೆ?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



"ನಿನ್ನ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಮ್ಮ" ಎಂದು ಸಮಿತಿಯವರು ಹೇಳಿದರು. ಒಂದೇ ಮಾತಿನಲ್ಲಿ ಹೇಳಿದರೆ ನೀವು ನಗುತ್ತೀರಿ. ಕಾರ್ಖಾನೆಯ ಪುಡಿಗಳನ್ನು ಗಾಳಿಯಲ್ಲಿ ಹಾರಿಸಿ, ಆ ಧೂಳನ್ನು ಉಸಿರಾಡಿದ ಇಲಿಗಳಿಗೆ ಏನಾಗುತ್ತದೆ ಎಂದು ನೋಡುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. "ಇಲಿಗೆ ಧೂಳು ಕುಡಿಸೋಕೆ ಎಮ್ಮೆಸ್ಸಿ ಬೇಕಿತ್ತೇನೇ?" ಎಂದು ನಮ್ಮಮ್ಮ ಇವತ್ತಿಗೂ ಕೇಳುತ್ತಾಳೆ. ಬೇಕಿತ್ತು, ಯಾಕೆ ಅಂತ ಹೇಳುತ್ತೇನೆ.

ಈ ವಿಷಯ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಈ ಶಾಲೆಯಲ್ಲಿ ಓದಿದ ಎಷ್ಟೋ ಹುಡುಗರು, ಹುಡುಗಿಯರು ಈಗ ಬೆಳಗ್ಗೆ ಆರು ಗಂಟೆಯ ವ್ಯಾನ್ ಹತ್ತಿ ಕಾರ್ಖಾನೆಗಳಿಗೆ ಹೋಗುತ್ತಾರೆ. ಬಣ್ಣಕ್ಕೆ ಹಾಕುವ ಪುಡಿ, ರಬ್ಬರಿಗೆ ಬೆರೆಸುವ ಪುಡಿ, ಔಷಧಿಯ ಪುಡಿ. ಮೂಟೆ ಬಿಚ್ಚಿ ಯಂತ್ರಕ್ಕೆ ಸುರಿಯುವುದೇ ಅವರಲ್ಲಿ ಹಲವರ ಕೆಲಸ. ಕಳೆದ ಯುಗಾದಿಗೆ ಬಂದಾಗ ಒಬ್ಬ ಹುಡುಗ ಮೊಬೈಲಿನಲ್ಲಿ ಒಂದು ಹಾಳೆಯ ಫೋಟೊ ತೋರಿಸಿದ. "ಅಕ್ಕಾ, ಇದು ಟೆಸ್ಟ್ ಆಗಿರೋ ಪುಡಿ, ವಿಷ ಅಲ್ಲ, ಮಾಸ್ಕ್ ಯಾಕೆ ಅಂತಾರೆ ಸೂಪರ್‌ವೈಸರು. ಹೌದಾ?" ಅಂದ. ಹಾಳೆಯಲ್ಲಿ ಇದ್ದದ್ದು ಇಷ್ಟು: ಇಲಿ, ಉಸಿರಾಟದ ಮೂಲಕ, 4 ಗಂಟೆ, ಎಲ್‌ಸಿ50 ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚು. ಅದು ಸುಳ್ಳಲ್ಲ. ಆದರೆ ಸೂಪರ್‌ವೈಸರ್ ಹೇಳಿದ ಅರ್ಥ ಅದಕ್ಕಿಲ್ಲ. ಆ ಒಂದು ಸಾಲನ್ನು ಬಿಡಿಸಿ ಹೇಳಿದರೆ ನನ್ನ ಹತ್ತು ನಿಮಿಷ ಸಾರ್ಥಕ.

ಎಲ್‌ಸಿ50 ಅಂದರೆ, ಗಾಳಿಯಲ್ಲಿ ಒಂದು ಪದಾರ್ಥ ಎಷ್ಟಿದ್ದರೆ ಅದನ್ನು ಉಸಿರಾಡಿದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುತ್ತವೆ ಎಂಬ ಅಂದಾಜು. ಅರ್ಧ ಸಾಯುವ ಈ ಲೆಕ್ಕವನ್ನು 1927ರಲ್ಲಿ ಬ್ರಿಟನ್ನಿನ ಟ್ರೆವನ್ ಎಂಬ ವಿಜ್ಞಾನಿ ಔಷಧಿಗಳ ಬಲ ಅಳೆಯಲು ತಂದರು. ನುಂಗುವ ವಿಷವಾದರೆ ತೂಕ ಮಾಡಿ ಕೊಡಬಹುದು. ಉಸಿರಿನ ವಿಷಕ್ಕೆ ಹಾಗಾಗುವುದಿಲ್ಲ. ಪುಡಿಯನ್ನು ಗಾಳಿಯಲ್ಲಿ ತೇಲಿಸಬೇಕು, ತೇಲಿದ್ದು ನಾಲ್ಕು ಗಂಟೆ ಹೊತ್ತು ಒಂದೇ ಪ್ರಮಾಣದಲ್ಲಿ ಇರಬೇಕು. ನಮ್ಮ ಒದ್ದಾಟದ ಮುಕ್ಕಾಲು ಪಾಲು ಇಲ್ಲೇ.

ಪುಡಿಗೆ ಅದರದೇ ಹಟ ಇರುತ್ತದೆ. ಮಳೆಗಾಲದಲ್ಲಿ ರಾಗಿಹಿಟ್ಟು ಡಬ್ಬಕ್ಕೆ ಅಂಟುತ್ತದಲ್ಲ, ಹಾಗೆ ಕೆಲವು ಪುಡಿಗಳು ತೇವ ಹೀರಿ ಗಂಟು ಕಟ್ಟುತ್ತವೆ. ಇನ್ನು ಕೆಲವು ಒಣಗಿದಷ್ಟೂ ವಿದ್ಯುದಂಶ ಹಿಡಿದು ಕೊಳವೆಯ ಗೋಡೆಗೆ ಮೆತ್ತಿಕೊಳ್ಳುತ್ತವೆ. ಒಂದು ಯಂತ್ರದಲ್ಲಿ ಪುಡಿಯನ್ನು ಗಟ್ಟಿಯಾಗಿ ಅದುಮಿ ಇಡುತ್ತೇವೆ, ಮೆಲ್ಲಗೆ ತಿರುಗುವ ಅಲಗು ಅದನ್ನು ಪದರ ಪದರವಾಗಿ ಕೆರೆಯುತ್ತದೆ. ಇನ್ನೊಂದರಲ್ಲಿ ತಿರುಗುವ ಬ್ರಷ್ಷು ಗುಡಿಸುತ್ತದೆ. ಒಣ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಇಲಿಗಳನ್ನು ತರುವ ಮೊದಲು ಬರೀ ಯಂತ್ರವನ್ನು ದಿನಗಟ್ಟಲೆ ಓಡಿಸಿ, ಧೂಳು ಸಮನಾಗಿ ಬರುತ್ತಿದೆಯೇ ಎಂದು ನೋಡುತ್ತೇವೆ. ಯಂತ್ರಕ್ಕೆ ಎಷ್ಟು ಪುಡಿ ಹಾಕಿದೆವು ಎನ್ನುವುದನ್ನು ಬರೆದಿಡುತ್ತೇವೆ, ಆದರೆ ಅದನ್ನು ನಂಬುವುದಿಲ್ಲ. ಇಲಿಯ ಮೂಗಿನ ಹತ್ತಿರ ಎಷ್ಟಿದೆ ಎಂಬುದೇ ಲೆಕ್ಕ. ಅದಕ್ಕೆ ತೂಕ ಮಾಡಿದ ಶೋಧಕ ಕಾಗದದ ಮೂಲಕ ಅಳೆದ ಗಾಳಿಯನ್ನು ಎಳೆದು, ಮತ್ತೆ ತೂಕ ಮಾಡುತ್ತೇವೆ. ಹತ್ತು ಲೀಟರ್ ಗಾಳಿ ಎಳೆದಾಗ ಕಾಗದದ ತೂಕ 50 ಮಿಲಿಗ್ರಾಂ ಹೆಚ್ಚಿದರೆ ಲೀಟರಿಗೆ 5 ಮಿಲಿಗ್ರಾಂ. ಮಕ್ಕಳೇ, ಇದು ನಿಮ್ಮ ಏಳನೇ ತರಗತಿಯ ಭಾಗಾಕಾರ, ಅಷ್ಟೇ.

ಪ್ರಮಾಣ ಸರಿಯಾದರೆ ಸಾಲದು, ಕಣದ ಗಾತ್ರವೂ ಸರಿಯಿರಬೇಕು. ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ನಾವು ಧೂಳಿನ ಗಾತ್ರ ಅಳೆಯುವುದೂ ಹೀಗೆಯೇ. ಅಡ್ಡಗಲ ನೋಡುವುದಿಲ್ಲ, ಗಾಳಿಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುತ್ತೇವೆ. ದಪ್ಪ ಕಣ ಮೂಗಿನ ತಿರುವಿನಲ್ಲೇ ಸಿಕ್ಕಿಬೀಳುತ್ತದೆ, ಸಣ್ಣದು ತಿರುವು ದಾಟಿ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಇಲಿಯ ಮೂಗು ನಮ್ಮದಕ್ಕಿಂತ ಬಿಗಿಯಾದ ಜರಡಿ, ಅದಕ್ಕೆ ಬಾಯಿಂದ ಉಸಿರಾಡಲೂ ಬರುವುದಿಲ್ಲ. ಹಾಗಾಗಿ ಪರೀಕ್ಷೆಯ ಧೂಳಿನ ಸರಾಸರಿ ಗಾತ್ರ 1ರಿಂದ 4 ಮೈಕ್ರೋಮೀಟರ್ ಒಳಗಿರಬೇಕೆಂದು ನಿಯಮ. ತಲೆಗೂದಲು ಸುಮಾರು 70 ಮೈಕ್ರೋಮೀಟರ್ ದಪ್ಪ, ಹೋಲಿಸಿಕೊಳ್ಳಿ. ಮೂಟೆಯ ಪುಡಿ ಅಷ್ಟು ನುಣುಪಾಗಿರುವುದು ಅಪರೂಪ, ಅದನ್ನು ಅರೆದು ನುಣುಪು ಮಾಡಬೇಕಾಗುತ್ತದೆ.

ಈ ಅರೆಯುವ ವಿಚಾರದಲ್ಲಿ ಜಗಳವೂ ಉಂಟು. ಕಂಪನಿಯವರು "ನಾವು ಮಾರುವ ಪುಡಿಯೇ ಬೇರೆ, ನೀವು ಇಲಿಗೆ ಕೊಟ್ಟಿದ್ದೇ ಬೇರೆ" ಎನ್ನುತ್ತಾರೆ. ಯುರೋಪಿನಲ್ಲಿ ನೀರು ಅಂಟದಂತೆ ಲೇಪಿಸಿದ ಒಂದು ಬಗೆಯ ಸಿಲಿಕಾ ಪುಡಿಯ ಬಗ್ಗೆ ದೊಡ್ಡ ವಾದವೇ ನಡೆಯಿತು. ಇಲಿಗಳು ಸತ್ತದ್ದು ವಿಷದಿಂದಲೋ, ಬರೀ ಉಸಿರುದಾರಿ ಕಟ್ಟಿಕೊಂಡೋ ಎಂದು. ಅವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಮೂಟೆ ಸುರಿಯುವಾಗ ದಪ್ಪ ಕಣ ಕೆಳಗೆ ಬೀಳುತ್ತದೆ, ಮುಖದ ಎತ್ತರದಲ್ಲಿ ತೇಲುತ್ತಾ ಉಳಿಯುವುದು ಆ ನುಣುಪೇ ಎನ್ನುವುದನ್ನೂ ಮರೆಯಬಾರದು.

ಪರೀಕ್ಷೆಯ ದಿನ ಇಲಿಗಳನ್ನು ಒಂದೊಂದು ಕೊಳವೆಯಲ್ಲಿ, ಮೂತಿ ಮಾತ್ರ ಧೂಳಿನ ಕಡೆಗೆ ಇರುವಂತೆ ಕೂರಿಸುತ್ತೇವೆ. ಇಡೀ ಮೈ ಧೂಳಿಗೊಡ್ಡಿದರೆ ಅವು ಆಮೇಲೆ ಕೂದಲು ನೆಕ್ಕಿಕೊಂಡು ಪುಡಿಯನ್ನು ನುಂಗಿಬಿಡುತ್ತವೆ, ಲೆಕ್ಕ ಕೆಡುತ್ತದೆ. ನಾಲ್ಕು ಗಂಟೆ ಮುಗಿದ ಮೇಲೆ 14 ದಿನ ಕಾಯುತ್ತೇವೆ. ಉಸಿರು ಗೊರಗೊರ ಅನ್ನುತ್ತಿದೆಯೇ, ಮೈ ಮುದುಡಿದೆಯೇ, ತೂಕ ಇಳಿಯಿತೇ ಎಂದು ನೋಡುತ್ತೇವೆ. ಅಷ್ಟು ದಿನ ಯಾಕೆಂದರೆ ಶ್ವಾಸಕೋಶದ ಪೆಟ್ಟು ಎಷ್ಟೋ ಸಲ ತಡವಾಗಿ ಹೊರಬೀಳುತ್ತದೆ. ಕೊನೆಗೆ ಕೊಯ್ದು ಒಳಗಿನ ಅಂಗಗಳನ್ನು ನೋಡುತ್ತೇವೆ. ಈ ಕ್ರಮವನ್ನೆಲ್ಲ ಒಇಸಿಡಿಯ 403ನೇ ಮಾರ್ಗಸೂಚಿಯಲ್ಲಿ ಬರೆದಿದ್ದಾರೆ. ಅದು ಬಂದದ್ದು 1981ರಲ್ಲಿ, ಪರಿಷ್ಕಾರವಾದದ್ದು 2009ರಲ್ಲಿ.

"ಪಾಪ ಅಲ್ವಾ?" ಎಂದು ಮೊನ್ನೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಹೌದು, ಪಾಪವೇ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಇಂಥ ಪ್ರತಿ ಪರೀಕ್ಷೆಗೂ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಆ ಸಮಿತಿಯಲ್ಲಿ ವಿಜ್ಞಾನಿಯಲ್ಲದ ಒಬ್ಬರೂ ಇರುತ್ತಾರೆ. 2009ರಲ್ಲಿ ಬಂದ 436ನೇ ಮಾರ್ಗಸೂಚಿಯಲ್ಲಿ ಕಡಿಮೆ ಇಲಿಗಳು ಸಾಕು. ಸಾವಿಗೆ ಕಾಯದೆ, ತೀವ್ರ ಲಕ್ಷಣ ಕಂಡಲ್ಲಿಗೆ ನಿಲ್ಲಿಸುವ ಪದ್ಧತಿಯೂ ಬಂದಿದೆ. ಇಷ್ಟು ಜೀವ ತೆತ್ತು ಪಡೆದ ಒಂದು ಸಂಖ್ಯೆಯನ್ನು ತಪ್ಪಾಗಿ ಓದಿ ಮನುಷ್ಯರಿಗೆ ಮಾಸ್ಕ್ ತೆಗೆಯಿರಿ ಎನ್ನುವುದು ಮಾತ್ರ ನನಗೆ ಸಹಿಸಲಾಗುವುದಿಲ್ಲ.

ಈಗ ಆ ಹುಡುಗನ ಹಾಳೆಗೆ ಬರೋಣ. ಲೀಟರಿಗೆ 5 ಮಿಲಿಗ್ರಾಂ ಎಂದರೆ ಎಷ್ಟು? ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 140 ಗ್ರಾಂ ಪುಡಿ ಕೆಳಗಿಳಿಯದೆ ತೇಲುತ್ತಿರಬೇಕು. ಒಂದು ದೊಡ್ಡ ಲೋಟ ಹಿಟ್ಟು ಅಂದುಕೊಳ್ಳಿ. ಕಾರ್ಖಾನೆಗಳ ಕಾಯ್ದೆಯ ಅನುಸೂಚಿಯಲ್ಲಿ ಸಿಮೆಂಟ್ ಧೂಳಿಗೆ ಇಟ್ಟಿದ್ದ ಮಿತಿ ಒಂದು ಘನಮೀಟರಿಗೆ 10 ಮಿಲಿಗ್ರಾಂ ಆಗಿತ್ತು. ಪರೀಕ್ಷೆಯ ಪ್ರಮಾಣ ಅದರ 500 ಪಟ್ಟು. ಅಂಥ ದಟ್ಟ ಮೋಡದಲ್ಲಿ ನಾಲ್ಕು ಗಂಟೆ ಇದ್ದ ಇಲಿಗಳಲ್ಲಿ ಅರ್ಧದಷ್ಟು ಎರಡು ವಾರದೊಳಗೆ ಸಾಯಲಿಲ್ಲ. ಹಾಳೆ ಹೇಳಿದ್ದು ಅಷ್ಟೇ ಸ್ವಾಮೀ. ಐದು ವರ್ಷ ದಿನಾ ಎಂಟು ಗಂಟೆ ಉಸಿರಾಡಿದರೆ ಏನು ಎಂದು ಅದು ಹೇಳಲಿಲ್ಲ, ನಾವು ಅದನ್ನು ಕೇಳಿಯೇ ಇಲ್ಲ. ಅದನ್ನು ಕೇಳಲು 28 ದಿನದ, 90 ದಿನದ ಪರೀಕ್ಷೆಗಳು ಬೇರೆ ಇವೆ. ದಮ್ಮು ಬರಿಸುವ ಅಲರ್ಜಿಯನ್ನೂ ಈ ನಾಲ್ಕು ಗಂಟೆಯ ಪರೀಕ್ಷೆ ಹಿಡಿಯುವುದಿಲ್ಲ.

ನಮ್ಮ ನಾಡಿನದೇ ಉದಾಹರಣೆ ಇದೆ. ಕೋಲಾರದ ಚಿನ್ನದ ಗಣಿಯ ಕಲ್ಲುಧೂಳು ನಾಲ್ಕು ಗಂಟೆಗೆ ಯಾರನ್ನೂ ಕೊಲ್ಲುವಂಥದ್ದಲ್ಲ. ಗಣಿಯವರು ಊಟ ಮಾಡಿ, ಮಲಗಿ, ಮರುದಿನ ಮತ್ತೆ ಇಳಿಯುತ್ತಿದ್ದರು. ವರ್ಷಗಳ ಮೇಲೆ ಶ್ವಾಸಕೋಶ ಗಟ್ಟಿಯಾಗುತ್ತಿತ್ತು. ಆ ಕಾಯಿಲೆ ಸಿಲಿಕೋಸಿಸ್. ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂದು ಮೈಸೂರು ಸಂಸ್ಥಾನ 1940ರಲ್ಲೇ ನಿಯಮ ತಂದಿತ್ತು. ಅದೇ ಸ್ಫಟಿಕ ಸಿಲಿಕಾ ಇವತ್ತು ಕಲ್ಲು ಕ್ವಾರಿಗಳಲ್ಲಿ, ಗ್ರಾನೈಟ್ ಕೊರೆಯುವಲ್ಲಿ ಇದೆ. ನಮ್ಮೂರಿನಿಂದ ಅಲ್ಲಿಗೂ ಜನ ಹೋಗುತ್ತಾರೆ.

ಹಾಗಾದರೆ ಏನು ಮಾಡಬೇಕು? ಆ ಹಾಳೆಗೆ ಸುರಕ್ಷತಾ ಮಾಹಿತಿ ಪತ್ರ ಎನ್ನುತ್ತಾರೆ, ಅದರಲ್ಲಿ 16 ಭಾಗಗಳು. ಹುಡುಗ ತೋರಿಸಿದ್ದು 11ನೆಯದು. ನೀವು ಮೊದಲು ಓದಬೇಕಾದ್ದು 8ನೆಯದು. ಗಾಳಿಯಲ್ಲಿ ಎಷ್ಟು ಮಿತಿ, ಯಾವ ಮಾಸ್ಕು, ಎಂಥ ಗಾಳಿ ಎಳೆಯುವ ವ್ಯವಸ್ಥೆ ಎಂಬುದು ಅಲ್ಲಿರುತ್ತದೆ. ಮೂಟೆ ಸುರಿಯುವ ಬಾಯಲ್ಲೇ ಧೂಳು ಎಳೆಯುವ ಫ್ಯಾನು ಇರಬೇಕು, ಮಾಸ್ಕು ಅದರ ನಂತರದ ಮಾತು. ಟವೆಲ್ ಸುತ್ತಿಕೊಂಡರೆ ನಾನು ಹೇಳಿದ ನುಣುಪು ಕಣ ನಿಲ್ಲುವುದಿಲ್ಲ. ಎನ್95 ಬೇಕು, ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಡ್ಡ ಬಿಟ್ಟವರಿಗೆ ಅದು ಕೂರುವುದಿಲ್ಲ. ಶಿಫ್ಟ್ ಮುಗಿದಾಗ ಕಂಪ್ರೆಸರ್ ಪೈಪ್ ಹಿಡಿದು ಬಟ್ಟೆಯ ಧೂಳು ಹಾರಿಸಿಕೊಳ್ಳುವ ಅಭ್ಯಾಸ ದಯವಿಟ್ಟು ಬಿಡಿ. ನಾವು ಲಕ್ಷಗಟ್ಟಲೆ ಬೆಲೆಯ ಯಂತ್ರದಲ್ಲಿ ಕಷ್ಟಪಟ್ಟು ಎಬ್ಬಿಸುವ ಮೋಡವನ್ನು ನೀವು ಒಂದು ಪೈಪಿನಲ್ಲಿ, ಮೂಗಿನ ಕೆಳಗೇ ಎಬ್ಬಿಸಿಕೊಳ್ಳುತ್ತೀರಿ. ಆ ಬಟ್ಟೆಯನ್ನು ಮನೆಗೆ ತಂದು ಮಗುವಿನ ಬಟ್ಟೆಯ ಜೊತೆ ನೆನೆಹಾಕುವುದೂ ಬೇಡ.

ಸಮಿತಿಯವರು ಗಡಿಯಾರ ತೋರಿಸುತ್ತಿದ್ದಾರೆ. ಊಟವಾದ ಮೇಲೆ ನಾಲ್ಕು ಗಂಟೆಯವರೆಗೆ ಹತ್ತನೇ ತರಗತಿಯ ಕೋಣೆಯಲ್ಲಿ ಕೂತಿರುತ್ತೇನೆ. ನಿಮ್ಮ ಕಾರ್ಖಾನೆಯ ಹಾಳೆ ಇದ್ದರೆ, ಫೋಟೊ ಆದರೂ ಸರಿ, ತನ್ನಿ. ಇಂಗ್ಲಿಷಿನಲ್ಲಿದೆ ಅಂತ ಸಂಕೋಚ ಬೇಡ, ಕೂತು ಸಾಲು ಸಾಲಾಗಿ ಓದೋಣ.