ನಿವೃತ್ತ ನ್ಯಾಯಾಧೀಶರ ಸ್ಮರಣೆ



ನಮ್ಮ ಊರಿನ ನಿವೃತ್ತ ನ್ಯಾಯಾಧೀಶರು ಲಿಂಗೈಕ್ಯರಾಗಿ ಇಂದಿಗೆ ಒಂದು ವರುಷ. ಅವರು ಬರೆದ ತೀರ್ಪುಗಳ ವಿಚಾರವನ್ನು ವಕೀಲರು ಹೇಳಲಿ. ನಾವು ಕಂಡದ್ದು ನಿವೃತ್ತಿಯ ನಂತರದ ಬಾಳನ್ನು.

ಅವರು ಮಠಕ್ಕೆ ಬರುತ್ತಿದ್ದುದು ಮಿತಾಕ್ಷರಾ ಓದಲಿಕ್ಕೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿಯೇ ರಚಿಸಿದ ಗ್ರಂಥವದು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ಮತ. ಆ ಪಂಕ್ತಿ ಬಂದಾಗ ಅವರು ಪುಸ್ತಕ ಮುಚ್ಚಿ, "ಅಪ್ಪಾವ್ರೇ, ಮಗಳೂ ಹುಟ್ಟೇ ಬಂದಿರ್ತಾಳಲ್ರಿ?" ಎಂದರು. ನಾವು ಅನ್ವಯ ಹೇಳಬಲ್ಲೆವು. ಇದಕ್ಕೆ ಏನು ಹೇಳೋಣ! ಕಾಯಿದೆಯೇನೋ ಆ ವೇಳೆಗೆ ಬದಲಾಗಿತ್ತು. 1994ರಲ್ಲಿ ನಮ್ಮ ರಾಜ್ಯವು ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ, 2005ರಲ್ಲಿ ಕೇಂದ್ರವು ಎಲ್ಲ ಹೆಣ್ಣುಮಕ್ಕಳಿಗೂ ಆ ಹಕ್ಕನ್ನು ಕೊಟ್ಟಿದ್ದವು.

ಕಾಯಿದೆ ಬಂದರೇನು? ಪಂಚಮಿಗೆ ತವರಿಗೆ ಬಂದ ತಂಗಿಗೆ ಉಂಡಿ ತಿನ್ನಿಸಿ, ಸೀರೆ ಉಡಿಸಿ, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದನ್ನು ನಾವು ಬಲ್ಲೆವು. ನೀವು ನಗುತ್ತಿದ್ದೀರಿ, ನೀವೂ ಬಲ್ಲಿರಿ. ವಾಟ್ನಿಗೆಂದು ಅಣ್ಣತಮ್ಮಂದಿರು ಅವರ ಮನೆಯ ಕಟ್ಟೆಗೆ ಹೋದರೆ, "ಅಕ್ಕತಂಗೇರನ್ನ ಕರಕೊಂಡು ಬರ್ರಿ, ಆಮ್ಯಾಲೆ ಕಾಗದ" ಎನ್ನುತ್ತಿದ್ದರು. ಎಷ್ಟೋ ಜನ ಸಿಟ್ಟಿನಿಂದ ಎದ್ದು ಹೋದರು.

ಅವರ ಸ್ವಂತ ಮಗಳೇ ತನಗೇನೂ ಬೇಡವೆಂದಳು. "ಬ್ಯಾಡ ಅನ್ನಾಕ ಮೊದಲು ಅದು ನಿನ್ನ ಕೈಯಾಗ ಬರಬೇಕವ್ವಾ" ಎಂದು ಬಾವಿಯ ಹೊಲವನ್ನು ಅವಳ ಪಾಲಿಗೆ ಹಾಕಿ ವಾಟ್ನಿಪತ್ರ ನೋಂದಾಯಿಸಿದರು. ಹಿರಿಯ ಮಗ ಎರಡು ವರುಷ ತಂದೆಯೊಡನೆ ಮಾತು ಬಿಟ್ಟಿದ್ದನು.

ಇಂದಿನ ದಾಸೋಹಕ್ಕೆ ಆ ಹೊಲದ ಜೋಳ ಬಂದಿದೆ. ಚೀಲ ಹೊತ್ತು ತಂದವನು ಅವನೇ.