ನೀವು ಹೋದ ಮೇಲೆ ಯಾರಿಗೆ ಹೇಳೋಣ?



ಹೋದ ವಾರ ಹೊಳಲ್ಕೆರೆ ತಾಲೂಕಿನಿಂದ ಒಬ್ಬರು ಫೋನ್ ಮಾಡಿದ್ದರು. ಅಡಿಕೆ ತೋಟ ಇರುವ ರೈತರು. ನಮ್ಮ ಕಾರ್ಯಕ್ರಮ ದಿನಾ ನೋಡ್ತಾರಂತೆ. "ಸಾರ್, ಮಗಳು ಇಂಜಿನಿಯರಿಂಗ್ ಮುಗಿಸಿದ್ಲು. ಈಗ ಕಾಂಬೋಡಿಯಾಕ್ಕೆ ಹೋಗಿ ನಾಲ್ಕು ವಾರ ಅನಾಥ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀನಿ ಅಂತಾಳೆ. ವಿಮಾನದ ಟಿಕೆಟ್ ಬಿಟ್ಟು ಒಂದೂವರೆ ಲಕ್ಷ ಕಟ್ಟಿ ಅಂತ ಏಜೆನ್ಸಿಯವರು ಕೇಳ್ತಿದ್ದಾರೆ. ಸೇವೆ ಮಾಡೋಕೆ ನಾವೇ ಯಾಕೆ ದುಡ್ಡು ಕೊಡ್ಬೇಕು? ಇದು ಪುಣ್ಯವೋ, ಮೋಸವೋ ನೀವೇ ಹೇಳಿ" ಅಂದರು.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಒಂದು ದಿನ ಟೈಮ್ ಕೊಡಿ ಅಂದೆ. ಯಾಕೆ ಅಂದರೆ, ಆ ಹುಡುಗಿಯ ಆಸೆಯನ್ನು ಗೇಲಿ ಮಾಡೋದು ಬಹಳ ಸುಲಭ. "ಊರಲ್ಲಿ ಬಡವರಿಲ್ವಾ, ಕಾಂಬೋಡಿಯಾಕ್ಕೇ ಹೋಗ್ಬೇಕಾ?" ಅಂತ ಒಂದು ಮಾತು ಎಸೆದು ಚಪ್ಪಾಳೆ ತಗೋಬಹುದು. ಆದರೆ ಇಪ್ಪತ್ತೆರಡನೇ ವಯಸ್ಸಿಗೆ, ಕೈಗೆ ಬಂದ ಕೆಲಸ ಮುಂದಕ್ಕೆ ಹಾಕಿ, ಮುಖ ನೋಡದ ಮಕ್ಕಳಿಗೆ ಏನಾದರೂ ಮಾಡಬೇಕು ಅನ್ನಿಸೋದು ಸಣ್ಣ ವಿಷಯ ಅಲ್ಲ. ಅಂಥ ಮನಸ್ಸನ್ನು ಮುರಿಯುವ ಹಕ್ಕು ನನಗಿಲ್ಲ. ಇನ್ನೊಂದು ಕಾರಣವೂ ಇದೆ. ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ಇವತ್ತು ನಿಮ್ಮ ಮುಂದೆ ಹೇಳ್ತೀನಿ.

ನಾನು ಐಮಂಗಲದವನು. ಬೆಂಗಳೂರಿನಿಂದ ದಾವಣಗೆರೆ ಕಡೆ ಹೋಗುವವರು ಹಿರಿಯೂರು ದಾಟಿ ಚಿತ್ರದುರ್ಗ ಮುಟ್ಟುವುದರೊಳಗೆ ನಮ್ಮೂರಿನ ಬೋರ್ಡು ನೋಡಿರುತ್ತೀರಿ. ಪೊಲೀಸ್ ತರಬೇತಿ ಶಾಲೆ ಇರುವ ಊರು ಅಂದರೆ ಇಲಾಖೆಯವರಿಗೆ ಬೇಗ ಗೊತ್ತಾಗುತ್ತೆ. ಹೈವೇಯಲ್ಲಿ ಲಾರಿ ಹರಿದಷ್ಟು ನಮ್ಮ ಸೀಮೆಯ ಹಳ್ಳದಲ್ಲಿ ನೀರು ಹರಿದಿದ್ದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದು ಕಡಿಮೆ. ಕುಡಿಯೋಕೆ ಬೋರಿಂಗ್ ನೀರೇ ಗತಿ. ಆ ನೀರಿನಲ್ಲಿ ಫ್ಲೋರೈಡ್. ಹಲ್ಲಿನ ಮೇಲೆ ಕಂದು ಗೆರೆ ಇಲ್ಲದ ಹುಡುಗ ನಮ್ಮ ಕ್ಲಾಸಿನಲ್ಲಿ ಬೇರೆ ಊರಿಂದ ಬಂದವನೇ ಆಗಿರುತ್ತಿದ್ದ.

1996ರ ಬೇಸಿಗೆ. ನಾನು ಡಿಗ್ರಿ ಓದುತ್ತಿದ್ದೆ. ವಿದೇಶದಿಂದ ಹತ್ತು ಹನ್ನೆರಡು ಜನ ಹುಡುಗ ಹುಡುಗಿಯರ ತಂಡ ನಮ್ಮೂರ ಪಕ್ಕದ ಒಂದು ಹಟ್ಟಿಗೆ ಬಂತು. ಇಂಗ್ಲಿಷ್ ಬರುತ್ತೆ ಅಂತ ನನ್ನನ್ನು ದುಭಾಷಿ ಮಾಡಿಕೊಂಡರು. ಒಳ್ಳೆಯ ಮಕ್ಕಳು. ಬಿಸಿಲಲ್ಲಿ ಶಾಲೆಗೆ ಸುಣ್ಣ ಬಳಿದರು, ಮಕ್ಕಳ ಜೊತೆ ಕುಣಿದರು, ನಮ್ಮ ಮುದ್ದೆ ಉಂಡರು. ಫ್ಲೋರೈಡ್ ತೆಗೆಯುವ ಒಂದು ಫಿಲ್ಟರನ್ನೂ ಶಾಲೆಗೆ ಕೊಟ್ಟರು. ಡ್ರಮ್ಮಿನೊಳಗೆ ಬಿಳಿ ಕಾಳಿನಂಥ ವಸ್ತು ತುಂಬಿತ್ತು. ಆ್ಯಕ್ಟಿವೇಟೆಡ್ ಅಲ್ಯುಮಿನಾ ಅಂತಾರೆ ಅದಕ್ಕೆ. ನೀರು ಅದರ ಮೂಲಕ ಇಳಿದರೆ ಫ್ಲೋರೈಡು ಆ ಕಾಳಿಗೆ ಅಂಟಿಕೊಳ್ಳುತ್ತೆ. ಕೆಲಸ ಮಾಡುವ ವಸ್ತುವೇ, ಅದರಲ್ಲಿ ಸುಳ್ಳಿಲ್ಲ.

ಕೊನೇ ದಿನ ಹಾರ ತುರಾಯಿ, ಫೋಟೋ ಎಲ್ಲ ಆಯ್ತು. ಹಟ್ಟಿಯ ಒಬ್ಬ ಅಜ್ಜಿ ಮುಂದೆ ಬಂದು ಆ ತಂಡದ ಮುಖಂಡನನ್ನೇ ನೋಡಿಕೊಂಡು ಕೇಳಿದಳು: "ನೀವು ಹೋದ ಮ್ಯಾಲೆ ಇದು ಕೆಟ್ರೆ ಯಾರಿಗೆ ಹೇಳಾದಪ್ಪಾ?"

ಆತ ನನ್ನ ಮುಖ ನೋಡಿದ. ಏನಂತಾರೆ ಅಂತ ಕೇಳಿದ. ನಾನು ಹೇಳಿದೆ: "ನಿಮಗೆ ಒಳ್ಳೆಯದಾಗಲಿ ಅಂತ ಹರಸುತ್ತಿದ್ದಾರೆ."

ಯಾಕೆ ಹಾಗೆ ಹೇಳಿದೆ? ನಾಚಿಕೆ. ಇಷ್ಟು ದೂರದಿಂದ ಬಂದವರ ಮುಂದೆ ಇಂಥ ಪ್ರಶ್ನೆ ಕೇಳಿದರೆ ನಮ್ಮ ಜನಕ್ಕೆ ಉಪಕಾರ ಸ್ಮರಣೆ ಇಲ್ಲ ಅಂದುಕೊಳ್ತಾರೇನೋ ಅಂತ. ಆತ ಕೈಮುಗಿದ, ಅಜ್ಜಿಯ ಜೊತೆ ಒಂದು ಫೋಟೋ ತೆಗೆಸಿಕೊಂಡ, ವ್ಯಾನು ಹತ್ತಿದ. ಅಜ್ಜಿ ಉತ್ತರಕ್ಕೆ ಕಾಯ್ತಾ ನಿಂತೇ ಇದ್ದಳು.

ಈಗ ಆ ಫಿಲ್ಟರಿನ ಕಥೆ ಕೇಳಿ. ಆ ಬಿಳಿ ಕಾಳು ಕೆಲವು ತಿಂಗಳು ಮಾತ್ರ ಫ್ಲೋರೈಡನ್ನು ಹಿಡಿಯುತ್ತೆ. ಆಮೇಲೆ ಅದನ್ನು ಕಾಸ್ಟಿಕ್ ಸೋಡಾ, ಆ್ಯಸಿಡ್‌ನಲ್ಲಿ ತೊಳೆದು ಮತ್ತೆ ಸಿದ್ಧ ಮಾಡಬೇಕು, ಇಲ್ಲವೇ ಬದಲಿಸಬೇಕು. ಮಾಡದಿದ್ದರೆ? ನೀರು ಇಳಿಯುತ್ತಲೇ ಇರುತ್ತೆ. ಬಣ್ಣ ಬದಲಾಗಲ್ಲ, ರುಚಿ ಬದಲಾಗಲ್ಲ. ಒಳಗಿನ ಫ್ಲೋರೈಡು ಮಾತ್ರ ಹಾಗೇ ಬರುತ್ತೆ. ಹಟ್ಟಿಯ ಯಾರಿಗೂ ಇದು ಗೊತ್ತಿರಲಿಲ್ಲ. ಗೊತ್ತು ಮಾಡಬೇಕಾಗಿದ್ದ ಒಬ್ಬನೇ ಒಬ್ಬ ದುಭಾಷಿ ನಾನು. ಮಕ್ಕಳು ವರ್ಷದ ಮೇಲೆ ಅದೇ ನೀರನ್ನು ಒಳ್ಳೇ ನೀರು ಅಂತ ಕುಡಿದರು. ಕೊನೆಗೆ ನಲ್ಲಿ ಮುರಿದ ಮೇಲೆ ಡ್ರಮ್ಮನ್ನು ಯಾರೋ ಜೋಳ ತುಂಬೋಕೆ ಒಯ್ದರು.

ನೋಡಿ, ಅಜ್ಜಿ ಕೇಳಿದ್ದು ಏಳು ಪದ. ಸೇವೆ ಅನ್ನೋ ವಿಷಯದ ಬಗ್ಗೆ ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ನಾನು ಈ ಸ್ಟುಡಿಯೋದಲ್ಲಿ ಕೂತ ಯಾವ ಪಂಡಿತರಿಂದಲೂ ಕೇಳಿಲ್ಲ.

ಇದು ಒಂದು ಹಟ್ಟಿಯ ಕಥೆ ಅಂದುಕೊಳ್ಳಬೇಡಿ. ಇಡೀ ದೇಶ ಈ ಪಾಠ ಕಲಿತಿದೆ. 1960ರ ದಶಕದ ಕೊನೆಯಲ್ಲಿ ಬಿಹಾರದ ಬರಗಾಲದ ನಂತರ ಯುನಿಸೆಫ್ ನೆರವಿನಿಂದ ಗಟ್ಟಿ ಕಲ್ಲಿನ ಸೀಮೆಗಳಲ್ಲಿ ಬೋರು ಕೊರೆಯುವ ಕೆಲಸ ಜೋರಾಯಿತು. ಮೇಲೆ ಕೂರಿಸಿದ್ದು ಬೀಡು ಕಬ್ಬಿಣದ ಕೈಪಂಪು. ಯುರೋಪು, ಅಮೆರಿಕದಲ್ಲಿ ಒಂದು ಮನೆಯವರು ಬಳಸೋಕೆ ಅಂತ ಮಾಡಿದ ಮಾದರಿ ಅದು. ಇಲ್ಲಿ ಬೆಳಗಿನಿಂದ ರಾತ್ರಿವರೆಗೆ ಇಡೀ ಊರು ಜಗ್ಗಿತು. 1970ರ ದಶಕದ ಮಧ್ಯದ ಹೊತ್ತಿಗೆ ಬಹುಪಾಲು ಪಂಪುಗಳು ಕೆಟ್ಟು ನಿಂತಿದ್ದವು. ಆಮೇಲೆ ಸೋಲಾಪುರದ ಕಡೆ ಬಳಕೆಯಲ್ಲಿದ್ದ ಗಟ್ಟಿ ಪಂಪನ್ನು ಆಧಾರ ಮಾಡಿಕೊಂಡು, ಯುನಿಸೆಫ್, ಸರ್ಕಾರ, ಮದರಾಸಿನ ರಿಚರ್ಡ್ಸನ್ ಅಂಡ್ ಕ್ರೂಡಾಸ್ ಕಂಪನಿ ಸೇರಿ ಇಂಡಿಯಾ ಮಾರ್ಕ್ 2 ಅನ್ನೋ ಪಂಪು ತಂದರು. ನೀವು ನಾವೆಲ್ಲ ಶಾಲೆಯ ಮುಂದೆ ಜಗ್ಗಿದ ಉದ್ದ ಹಿಡಿಯ ಬೋರಿಂಗು ಅದೇ. ಮುಂದೆ ಆಫ್ರಿಕಾದ ಹಳ್ಳಿಗಳಿಗೂ ಹೋಯಿತು. ಅದು ಉಳಿದದ್ದು ಕಬ್ಬಿಣದ ಗಟ್ಟಿತನದಿಂದ ಮಾತ್ರ ಅಲ್ಲ. ಬಿಡಿ ಭಾಗ ಇಲ್ಲೇ ಸಿಗುತ್ತಿತ್ತು, ರಿಪೇರಿಗೆ ಇಲ್ಲಿನ ಮೆಕ್ಯಾನಿಕ್‌ಗಳನ್ನೇ ತಯಾರು ಮಾಡಿದರು. ಕೆಟ್ಟರೆ ಯಾರಿಗೆ ಹೇಳಬೇಕು ಅನ್ನೋದಕ್ಕೆ ಒಂದು ಉತ್ತರ ಇತ್ತು.

ಹಾಗಾದರೆ ಹೊರಗಿನವರು ಬರಲೇಬಾರದಾ? ನಮ್ಮವರು ಹೊರಗೆ ಹೋಗಲೇಬಾರದಾ? ಅದಲ್ಲ ನಾನು ಹೇಳ್ತಿರೋದು. ನಮ್ಮ ಹಿರಿಯೂರು ದಾಟಿ ಹೋಗುವ ವೇದಾವತಿಯನ್ನೇ ಹಿಡಿದು ಕೆಳಗೆ ಹೋಗಿ. ಚಳ್ಳಕೆರೆ ತಾಲೂಕು ದಾಟಿದರೆ ಆಂಧ್ರದ ಅನಂತಪುರದ ಸೀಮೆ. ಅಲ್ಲಿ ಅದೇ ಹೊಳೆಗೆ ಹಗರಿ ಅಂತಾರೆ. ಮಣ್ಣು ನಮ್ಮದೇ ಥರ, ಬರ ನಮ್ಮದೇ ಥರ, ರಾಯದುರ್ಗ, ಮಡಕಶಿರಾ ಕಡೆ ಕನ್ನಡ ಮಾತಾಡುವ ಮನೆಗಳೂ ಬೇಕಾದಷ್ಟು. ಆ ಸೀಮೆಗೆ ಸ್ಪೇನ್ ದೇಶದಿಂದ ಒಬ್ಬರು ಬಂದರು. ವಿಸೆಂಟೆ ಫೆರರ್. 1920ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದವರು, 1952ರಲ್ಲಿ ಕ್ರೈಸ್ತ ಮಿಷನರಿಯಾಗಿ ಮುಂಬೈಗೆ ಬಂದರು. ಮಹಾರಾಷ್ಟ್ರದ ಮನ್ಮಾಡ್‌ನಲ್ಲಿ ರೈತರಿಗೆ ಬಾವಿ ತೋಡಿಸುವ ಕೆಲಸ ಹಿಡಿದರು. ಅವರ ಪ್ರಭಾವ ಕಂಡು ಸಂಶಯಪಟ್ಟವರೂ ಇದ್ದರು. 1968ರಲ್ಲಿ ದೇಶ ಬಿಟ್ಟು ಹೋಗಿ ಅಂತ ಆಜ್ಞೆ ಆಯಿತು. ಅವರ ಪರವಾಗಿ ರೈತರು ಬೀದಿಗಿಳಿದರು. ಮರುವರ್ಷ ವಾಪಸು ಬಂದು ಅನಂತಪುರದಲ್ಲಿ ನೆಲೆ ನಿಂತರು. ಪಾದ್ರಿ ಪಟ್ಟ ಬಿಟ್ಟರು, ಇಂಗ್ಲೆಂಡಿನ ಪತ್ರಕರ್ತೆ ಆ್ಯನ್ ಪೆರ‍್ರಿ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ಕಟ್ಟಿದ ಸಂಸ್ಥೆ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್. ಶಾಲೆ, ಮನೆ, ಕೃಷಿ ಹೊಂಡ, ಬತ್ತಲಪಲ್ಲಿಯ ಆಸ್ಪತ್ರೆ, ಹೀಗೆ ಬೆಳೆಯಿತು. 2009ರಲ್ಲಿ ಫೆರರ್ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಬಾರ್ಸಿಲೋನಾದಲ್ಲಲ್ಲ, ಬತ್ತಲಪಲ್ಲಿಯಲ್ಲಿ. ನಾಲ್ಕು ವಾರಕ್ಕೆ ಬಂದವರಲ್ಲ ಅವರು, ನಲವತ್ತು ವರ್ಷ ಇದ್ದರು. ಇವತ್ತು ಅವರಿಲ್ಲ, ಆದರೂ ಕೆಲಸ ನಡೆಸುವವರಲ್ಲಿ ಹೆಚ್ಚಿನವರು ಅದೇ ಸೀಮೆಯ ಜನ. ಅಲ್ಲಿನ ಅಜ್ಜಿ ಕೆಟ್ಟರೆ ಯಾರಿಗೆ ಹೇಳೋಣ ಅಂತ ಕೇಳಿದರೆ, ಹೇಳೋಕೆ ತೆಲುಗು ಗೊತ್ತಿರುವ ಒಬ್ಬರು ಸಿಗ್ತಾರೆ.

ಎಲ್ಲರೂ ಫೆರರ್ ಆಗೋಕೆ ಆಗಲ್ಲ. ಎಲ್ಲರೂ ನಲವತ್ತು ವರ್ಷ ಕೊಡೋಕೂ ಆಗಲ್ಲ. ಆದರೆ ಒಂದು ಲೆಕ್ಕ ಎಲ್ಲರೂ ಹಾಕಬಹುದು. ಕೆನಡಿ ಅಧ್ಯಕ್ಷರಾಗಿದ್ದಾಗ, 1961ರಲ್ಲಿ, ಅಮೆರಿಕ ಪೀಸ್ ಕೋರ್ ಶುರು ಮಾಡಿತು. 1976ರವರೆಗೆ ನಮ್ಮ ದೇಶಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಬಂದರು. ಆಗಿನ ಮೈಸೂರು ರಾಜ್ಯದಲ್ಲಿ ಕೋಳಿ ಸಾಕಾಣಿಕೆ ಕಲಿಸಿದವರೂ ಅವರಲ್ಲಿದ್ದರು. ಅದರ ಹಿಂದಿನ ರಾಜಕೀಯದ ಬಗ್ಗೆ ಜಗಳ ಇರಲಿ, ನಿಯಮ ನೋಡಿ: ಮೊದಲು ತರಬೇತಿ, ಹೋಗುವ ಸೀಮೆಯ ಭಾಷೆ, ಆಮೇಲೆ ಸುಮಾರು ಎರಡು ವರ್ಷ ಅಲ್ಲೇ ವಾಸ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್, ವೃತ್ತಿಯಿಂದ ನರ್ಸ್. 1966ರಲ್ಲಿ, 68ನೇ ವಯಸ್ಸಿನಲ್ಲಿ, ಹೀಗೇ ಬಂದು ಮುಂಬೈ ಹತ್ತಿರದ ವಿಕ್ರೋಲಿಯಲ್ಲಿ ಕೆಲಸ ಮಾಡಿದರು. ಕೈಯಲ್ಲಿ ಒಂದು ವಿದ್ಯೆ ಇತ್ತು, ಉಳಿಯುವ ಮನಸ್ಸಿತ್ತು.

ಈಗ ಹೊಳಲ್ಕೆರೆಯ ಆ ತಂದೆಯ ಪ್ರಶ್ನೆಗೆ ಬರ್ತೀನಿ. ದುಡ್ಡು ಕೇಳೋರೆಲ್ಲ ಮೋಸಗಾರರಲ್ಲ. ಉಳಿಯೋಕೆ, ಉಣ್ಣೋಕೆ ಖರ್ಚು ಇರುತ್ತೆ. ಆದರೆ ಇದನ್ನು ತಿಳ್ಕೊಳ್ಳಿ. ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆ 1970ರಿಂದ ಇದೆ. ಅಲ್ಲಿ ಆಯ್ಕೆಯಾದರೆ ಅವರೇ ಜೀವನ ಭತ್ಯೆ ಕೊಡ್ತಾರೆ. ಯುದ್ಧ, ಸಾಂಕ್ರಾಮಿಕ ಇರುವ ಕಡೆ ಕೆಲಸ ಮಾಡುವ, ಗಡಿ ಮೀರಿದ ವೈದ್ಯರು ಅಂತ ಹೆಸರಾದ ಫ್ರಾನ್ಸಿನಲ್ಲಿ ಹುಟ್ಟಿದ ಸಂಸ್ಥೆ ಇದೆ. ಅವರು ನಿಮ್ಮ ಹತ್ತಿರ ಹಣ ಕೇಳಲ್ಲ, ನಿಮ್ಮ ವಿದ್ಯೆ, ಅನುಭವ ಕೇಳ್ತಾರೆ. ಏನೂ ಕೇಳದೆ, ಪರೀಕ್ಷೆ ಮಾಡದೆ, ದುಡ್ಡು ಕಟ್ಟಿದ ಕೂಡಲೇ ಮಕ್ಕಳ ಮುಂದೆ ನಿಲ್ಲಿಸ್ತೀವಿ ಅಂದರೆ ಅಲ್ಲಿ ಗಿರಾಕಿ ಯಾರು? ಆ ಮಕ್ಕಳಲ್ಲ. ನೀವು.

ಅನಾಥಾಲಯದ ಮಾತಂತೂ ಇನ್ನೂ ಗಂಭೀರ. ಕಾಂಬೋಡಿಯಾ ಸರ್ಕಾರ, ಯುನಿಸೆಫ್ ಸೇರಿ ನಡೆಸಿದ ಅಧ್ಯಯನ 2011ರಲ್ಲಿ ಬಂತು. ಅಲ್ಲಿನ ಅನಾಥಾಲಯಗಳ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಹಾಗಾದರೆ ಅವರು ಅನಾಥಾಲಯದಲ್ಲಿ ಯಾಕಿದ್ದರು? ಬಡತನ ಒಂದು ಕಾರಣ. ಮಕ್ಕಳಿದ್ದರೆ ವಿದೇಶಿಯರು ಬರ್ತಾರೆ, ವಿದೇಶಿಯರು ಬಂದರೆ ದುಡ್ಡು ಬರುತ್ತೆ ಅನ್ನೋದು ಇನ್ನೊಂದು. ಆಸ್ಟ್ರೇಲಿಯಾದ ಸಂಸತ್ ಸಮಿತಿ 2017ರಲ್ಲಿ ಇದನ್ನು ಆಧುನಿಕ ಗುಲಾಮಗಿರಿಯ ವಿಚಾರಣೆಯಲ್ಲೇ ಎತ್ತಿಕೊಂಡಿತು. ಇನ್ನು ಆ ಮಗುವಿನ ಮನಸ್ಸು? ಪ್ರತಿ ತಿಂಗಳು ಹೊಸ ಅಕ್ಕ ಬಂದು ಎತ್ತಿ ಮುದ್ದಾಡ್ತಾಳೆ, ತಿಂಗಳು ಮುಗಿದರೆ ಅಳುತ್ತಾ ಟಾಟಾ ಮಾಡ್ತಾಳೆ. ನಮ್ಮ ಮನೆ ಮಗುವಿಗೆ ಹೀಗೆ ಮಾಡೋಕೆ ನಾವು ಬಿಡ್ತೀವಾ?

ಇದನ್ನೆಲ್ಲ ಆ ತಂದೆಗೆ ಹೇಳಿದೆ. ಮಗಳ ಕೈಗೇ ಫೋನ್ ಕೊಡಿ ಅಂದೆ. "ಹೋಗ್ಬೇಡ ಅಂತ ಹೇಳಲ್ಲಮ್ಮ. ಏಜೆನ್ಸಿಯವರಿಗೆ ನಾಲ್ಕು ಪ್ರಶ್ನೆ ಕೇಳು. ನನ್ನನ್ನು ಕರೆದವರು ಯಾರು, ನೀವಾ, ಆ ಊರಿನವರಾ? ನನ್ನ ಯಾವ ವಿದ್ಯೆ ಅವರಿಗೆ ಬೇಕಾಗಿದೆ? ಅದೇ ಕೆಲಸ ಮಾಡಬಲ್ಲ ಅಲ್ಲಿನ ಟೀಚರಿಗೆ ನನ್ನ ದುಡ್ಡಲ್ಲಿ ಎಷ್ಟು ತಿಂಗಳ ಸಂಬಳ ಆಗುತ್ತೆ? ನಾನು ಬಂದ ಮೇಲೆ ಅಲ್ಲಿ ಯಾರು ಮುಂದುವರಿಸ್ತಾರೆ? ಮತ್ತೆ ವೀಸಾ ಯಾವುದು ಅಂತಲೂ ಕೇಳು. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡೋದು ಎಷ್ಟೋ ದೇಶದಲ್ಲಿ ಕಾನೂನಿಗೆ ವಿರುದ್ಧ" ಅಂದೆ.

ಮೂರು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. "ಸರ್, ಪ್ರಶ್ನೆ ಕಳಿಸಿದೆ. ಉತ್ತರ ಬರಲಿಲ್ಲ, ಬೇಗ ಕಟ್ಟಿದರೆ ಶೇಕಡಾ ಹತ್ತು ರಿಯಾಯಿತಿ ಅಂತ ಮೆಸೇಜ್ ಬಂತು" ಅಂದಳು. ನಕ್ಕಳು, ಆದರೆ ದನಿಯಲ್ಲಿ ಬೇಜಾರಿತ್ತು. ನಾನು ಹೇಳಿದೆ, "ಆಸೆ ಬಿಡಬೇಡ. ಸಿವಿಲ್ ಓದಿದ್ದೀಯ. ಎರಡು ವರ್ಷ ಇಲ್ಲೇ ನೀರಿನ ಕೆಲಸ ಕಲಿ. ಆಮೇಲೆ ನಿನ್ನ ವಿದ್ಯೆ ಬೇಕು ಅಂತ ಯಾವ ದೇಶ ಕರೆದರೂ ಹೋಗು. ಆಗ ನಿನ್ನನ್ನು ಕಳಿಸೋಕೆ ನಿಮ್ಮಪ್ಪ ಅಡಿಕೆ ಮಾರಬೇಕಾಗಲ್ಲ."

ಕೊನೆಯದಾಗಿ ಒಂದು ಮಾತು. ಈ ಫೋನ್ ಬಂದ ಮೇಲೆ ಭಾನುವಾರ ಊರಿಗೆ ಹೋಗಿದ್ದೆ. ಆ ಹಟ್ಟಿಗೂ ಹೋದೆ. ಅಜ್ಜಿ ತೀರಿಕೊಂಡು ಬಹಳ ವರ್ಷ ಆಗಿದೆ. ಈಗ ಅಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತೆ. ನಾನು ಹೋದ ದಿನ ಅದೂ ಕೆಟ್ಟಿತ್ತು. ಬಾಗಿಲ ಮೇಲೆ ಬಣ್ಣದಲ್ಲಿ ಒಂದು ಮೊಬೈಲ್ ನಂಬರ್ ಬರೆದಿತ್ತು. ಫೋನ್ ಮಾಡಿದೆ. ಟಿವಿಯವನು ಅಂತ ಹೇಳಲಿಲ್ಲ. ಆ ಕಡೆಯಿಂದ ಒಬ್ಬ ಹುಡುಗ ಎತ್ತಿದ. "ಗೊತ್ತಣ್ಣ, ಮೆಂಬ್ರೇನ್ ಹೋಗೈತೆ. ಹಿರಿಯೂರಾಗೆ ಸಿಗಲಿಲ್ಲ, ದುರ್ಗದಿಂದ ತರಿಸೀನಿ. ನಾಳೆ ಬೆಳಿಗ್ಗೆ ಬತ್ತೀನಿ" ಅಂದ.

ಸೋಮವಾರ ಮಧ್ಯಾಹ್ನ ಹಟ್ಟಿಯವರಿಗೆ ಫೋನ್ ಮಾಡಿ ವಿಚಾರಿಸಿದೆ. ಬಂದಿದ್ದನಂತೆ. ನೀರು ಬರ್ತಿದೆಯಂತೆ.

ಕಾಂಬೋಡಿಯಾಕ್ಕೆ ಹೋಗಿ, ಕೀನ್ಯಾಕ್ಕೆ ಹೋಗಿ, ಪಕ್ಕದ ಹಟ್ಟಿಗೇ ಹೋಗಿ. ಬರುವ ಮುಂಚೆ ಅಲ್ಲಿ ಹೀಗೊಬ್ಬ ಹುಡುಗನನ್ನು ತಯಾರು ಮಾಡಿ, ಅವನ ನಂಬರ್ ಗೋಡೆ ಮೇಲೆ ಬರೆಸಿ ಬನ್ನಿ. ಮತ್ತೆ ಯಾರಾದರೂ ಅಜ್ಜಿ ಏನಾದರೂ ಕೇಳಿದರೆ, ಅವಳು ಏನು ಕೇಳಿದಳು ಅಂತ ಸರಿಯಾಗಿ ತಿಳಿದುಕೊಂಡು ಬನ್ನಿ.