ನಳಿಕೆಯಲ್ಲೊಂದು ತೂತು



ಬಂದೂಕಿನಿಂದ ಗುಂಡು ಹಾರಿದಾಗ ಅದರ ಬೆನ್ನಿಗೇ ಬಿಸಿ ಅನಿಲವೂ ಹೊರನುಗ್ಗುತ್ತದೆ. ಬಹುಕಾಲ ಈ ಅನಿಲವನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಸದ್ದು, ಹೊಗೆ, ಅಷ್ಟೆ. 1889ರಲ್ಲಿ ಅಮೆರಿಕದ ಯೂಟಾ ಪ್ರಾಂತದ ಆಗ್ಡನ್ ಊರಿನಲ್ಲಿ ಜಾನ್ ಬ್ರೌನಿಂಗ್ ಎಂಬ ಬಂದೂಕು ತಯಾರಕ ಒಂದು ಸಂಗತಿಯನ್ನು ಗಮನಿಸಿದ. ಗುರಿಕಾರ ಗುಂಡು ಹಾರಿಸಿದಾಗಲೆಲ್ಲ ನಳಿಕೆಯ ಮುಂದಿನ ಹುಲ್ಲು ಬಾಗುತ್ತಿತ್ತು. ಹುಲ್ಲನ್ನು ಬಾಗಿಸುವ ಶಕ್ತಿ ಬಂದೂಕಿನ ಕೆಲಸವನ್ನೇಕೆ ಮಾಡಬಾರದು? ಈ ಪ್ರಶ್ನೆಯಿಂದ ಹುಟ್ಟಿದ್ದು 1895ರ ಕೋಲ್ಟ್–ಬ್ರೌನಿಂಗ್ ಮೆಷಿನ್ ಗನ್.

ತತ್ತ್ವ ಸರಳ. ನಳಿಕೆಯ ಗೋಡೆಯಲ್ಲಿ ಒಂದು ಸಣ್ಣ ತೂತು. ಗುಂಡು ಆ ತೂತನ್ನು ದಾಟಿದೊಡನೆ ಸ್ವಲ್ಪ ಅನಿಲ ಅದರೊಳಕ್ಕೆ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನು ಬೋಲ್ಟನ್ನು ತೆರೆದು ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಮುಂದಿನದನ್ನು ಸ್ಪ್ರಿಂಗು ಒಳಗೆ ಕೂರಿಸುತ್ತದೆ. ತೂತಿನಿಂದ ಹೊರಟ ಅನಿಲವನ್ನು ಹಿಡಿದು ದಾರಿ ತೋರಿಸಲು ನಳಿಕೆಯ ಮೇಲೆ ಬಳೆಯಂತೆ ಕೂರುವ ಲೋಹದ ಭಾಗಕ್ಕೆ ಗ್ಯಾಸ್ ಬ್ಲಾಕ್ ಎಂದು ಹೆಸರು. ಇಂದು ನಾನು ಹೇಳಹೊರಟಿರುವುದು ಈ ಬಳೆ ಮತ್ತು ಆ ತೂತಿನ ಹೊಂದಾಣಿಕೆಯ ವಿಷಯ.

ತತ್ತ್ವ ಸರಳವಾದರೂ ಮನಸ್ಸು ಒಪ್ಪಬೇಕಲ್ಲ! ಮೆಷಿನ್ ಗನ್ನುಗಳಲ್ಲಿ ಇಂಥ ತೂತು ರೂಢಿಗೆ ಬಂದು ಎಷ್ಟೋ ವರ್ಷಗಳಾಗಿದ್ದರೂ, ಸಿಪಾಯಿಯ ರೈಫಲ್ಲಿನ ನಳಿಕೆಗೆ ತೂತು ಕೊರೆದರೆ ಅದು ಬೇಗ ಸವೆದೀತು ಎಂಬ ಅಂಜಿಕೆ ಅಮೆರಿಕದ ಸೇನಾ ವಲಯದಲ್ಲಿ ಉಳಿದಿತ್ತು. 1936ರಲ್ಲಿ ಸೇನೆ ಒಪ್ಪಿದ ಎಂ-1 ರೈಫಲ್ಲಿಗೆ ಜಾನ್ ಗ್ಯಾರಂಡ್ ಮೊದಲು ಅಳವಡಿಸಿದ್ದು ಬೇರೆಯೇ ಉಪಾಯ. ನಳಿಕೆಯ ಅಸಲು ಬಾಯಿಯ ಮುಂದೆ ಇನ್ನೊಂದು ಬಾಯಿಯನ್ನು ಜೋಡಿಸಿ, ನಡುವಿನ ಸಂದಿನಲ್ಲಿ ಅನಿಲವನ್ನು ಹಿಡಿಯುವುದು. ನಳಿಕೆಗೆ ಗಾಯವಿಲ್ಲ, ನಿಜ. ಆದರೆ ಆ ಸಂದಿನಲ್ಲಿ ಮಸಿ ಕಟ್ಟತೊಡಗಿತು, ತೆಗೆಯುವುದು ಕಷ್ಟವಾಯಿತು. ಮುಂದಿನ ಜೋಡಣೆ ಸಡಿಲವಾದರೆ ಗುರಿಯೂ ಕೆಡುತ್ತಿತ್ತು. ಸುಮಾರು 50 ಸಾವಿರ ರೈಫಲ್ಲುಗಳು ತಯಾರಾದ ಮೇಲೆ, 1940ರಲ್ಲಿ, ಕಾರ್ಖಾನೆ ನಳಿಕೆಗೆ ತೂತು ಕೊರೆಯುವ ಕ್ರಮಕ್ಕೇ ಬಂತು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ್ದು ಈ ತೂತಿನ ಎಂ-1. ಅನುಮಾನವನ್ನು ಅಳೆದು ನೋಡದೆ ನಂಬಿದ್ದಕ್ಕೆ ತೆತ್ತ ಬೆಲೆ ಇದು ಎಂದು ನನ್ನ ಅಭಿಪ್ರಾಯ.

ಈಗ ಸ್ವಲ್ಪ ಲೆಕ್ಕ. ಎಂ-1ರ ತೂತು ನಳಿಕೆಯ ಬಾಯಿಂದ ಸುಮಾರು 38 ಮಿ.ಮೀ. ಹಿಂದಿದೆ. ಅದರ ವ್ಯಾಸ ಸುಮಾರು 2 ಮಿ.ಮೀ. ಗುಂಡಿನ ವೇಗ ಸೆಕೆಂಡಿಗೆ ಸುಮಾರು 850 ಮೀಟರ್. ಭಾಗಿಸಿ ನೋಡಿ. ಗುಂಡು ತೂತನ್ನು ದಾಟಿ ಹೊರಬೀಳಲು ಹಿಡಿಯುವ ಕಾಲ ಸೆಕೆಂಡಿನ 10 ಲಕ್ಷದಲ್ಲಿ 45 ಭಾಗ. ನಾವು ಟೆಲಿವಿಷನ್ನಿನವರು ಸೆಕೆಂಡಿಗೆ 25 ಚಿತ್ರಗಳನ್ನು ತೋರಿಸುತ್ತೇವೆ. ಅಂಥ ಒಂದೇ ಒಂದು ಚಿತ್ರದ ಕಾಲದಲ್ಲಿ ಈ ಘಟನೆ ಸುಮಾರು 900 ಸಲ ನಡೆದುಹೋಗಬಹುದು! ಗುಂಡು ಹೊರಬಿದ್ದ ಮೇಲೂ ಅನಿಲ ಒಮ್ಮೆಲೇ ಖಾಲಿಯಾಗುವುದಿಲ್ಲ, ಆದರೆ ಒತ್ತಡ ಬಹುಬೇಗ ಕುಸಿಯುತ್ತದೆ. ಇಷ್ಟು ಕಿರಿದಾದ ಅವಧಿಯಲ್ಲಿ ಬೇಕಾದಷ್ಟು ಅನಿಲ ಸಿಕ್ಕಬೇಕಾದರೆ ನಳಿಕೆಯ ತೂತು ಮತ್ತು ಬ್ಲಾಕಿನ ತೂತು ಒಂದರ ಮೇಲೊಂದು ಸರಿಯಾಗಿ ಕೂರಬೇಕು.

ತೊಂದರೆಯೇನೆಂದರೆ, ಬ್ಲಾಕು ಕೂತ ಮೇಲೆ ಕೆಳಗಿನ ತೂತು ಕಣ್ಣಿಗೆ ಕಾಣುವುದೇ ಇಲ್ಲ. ನಳಿಕೆಯ ವ್ಯಾಸ 20 ಮಿ.ಮೀ. ಎಂದುಕೊಳ್ಳಿ. ಬ್ಲಾಕು ಕೇವಲ 3 ಡಿಗ್ರಿ ತಿರುಗಿದರೆ ತೂತು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಗಡಿಯಾರದ ನಿಮಿಷದ ಮುಳ್ಳು ಅರ್ಧ ನಿಮಿಷದಲ್ಲಿ ಚಲಿಸುವಷ್ಟು ಕೋನ ಅದು. 2 ಮಿ.ಮೀ. ವ್ಯಾಸದಲ್ಲಿ ಅರ್ಧ ಮಿ.ಮೀ. ಸರಿದರೆ ಕಾಲುಭಾಗ ನಷ್ಟ ಎಂದು ನಿಮಗನ್ನಿಸಬಹುದು. ಗ್ರಾಫ್ ಹಾಳೆಯ ಮೇಲೆ 8 ಸೆಂ.ಮೀ. ವ್ಯಾಸದ ಒಂದು ವೃತ್ತ ಬರೆಯಿರಿ. ಅದರ ಕೇಂದ್ರದಿಂದ 2 ಸೆಂ.ಮೀ. ಪಕ್ಕಕ್ಕೆ ಅಷ್ಟೇ ವ್ಯಾಸದ ಇನ್ನೊಂದನ್ನು ಬರೆದು, ಎರಡಕ್ಕೂ ಸೇರಿದ ಚೌಕಗಳನ್ನು ಎಣಿಸಿ. ಶೇಕಡ 68ರಷ್ಟು ಮಾತ್ರ ಉಳಿದಿರುತ್ತದೆ. ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮುಚ್ಚಿಹೋಯಿತು! ಅರ್ಧ ವ್ಯಾಸದಷ್ಟು ಸರಿದರೆ ಉಳಿಯುವುದು ಶೇಕಡ 39 ಮಾತ್ರ. ಬ್ಲಾಕಿನ ತೂತನ್ನು ನಳಿಕೆಯ ತೂತಿಗಿಂತ ದೊಡ್ಡದಾಗಿ ಕೊರೆಯುವ ವಾಡಿಕೆ ಏಕೆಂಬುದು ಈಗ ಹೊಳೆದಿರಬೇಕು.

ಗ್ಯಾರಂಡ್ ಕಂಡುಕೊಂಡ ದಾರಿ ನನಗೆ ತುಂಬ ಇಷ್ಟ. ನಳಿಕೆಯ ಮೇಲೆ ಉದ್ದಕ್ಕೆ ಏಣುಗಳು, ಅನಿಲದ ಭಾಗದಲ್ಲಿ ಅವಕ್ಕೆ ಸರಿಹೊಂದುವ ಗಾಡಿಗಳು. ಹೀಗಾಗಿ ಅದು ಪಕ್ಕಕ್ಕೆ ತಿರುಗುವಂತಿಲ್ಲ. ಮುಂದೆ ಬಂದ ಎಂ-16ರಲ್ಲಿ ಬ್ಲಾಕನ್ನು ಒಂದು ತುದಿ ಸಪೂರವಾದ ಎರಡು ಪಿನ್ನುಗಳು ಅಡ್ಡಲಾಗಿ ಹಿಡಿದಿಟ್ಟವು. ಮುಂದಿನ ಗುರಿಮೊನೆ ಇದ್ದದ್ದೂ ಆ ಬ್ಲಾಕಿನ ಮೇಲೆಯೇ. ಬ್ಲಾಕು ಓರೆಯಾದರೆ ಅನಿಲದ ಜೊತೆಗೆ ಗುರಿಯೂ ಓರೆ.

ಅನಿಲ ಕಡಿಮೆಯಾದರೆ ಬೋಲ್ಟು ಪೂರ್ತಿ ಹಿಂದೆ ಸರಿಯದೆ ಬಂದೂಕು ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ? ಅದಕ್ಕೂ ಉದಾಹರಣೆ ಎಂ-16. ಅದನ್ನು ರೂಪಿಸಿದಾಗ ಬಳಸಿದ್ದು ಒಂದು ಬಗೆಯ ಮದ್ದು. 1964ರ ಹೊತ್ತಿಗೆ ಸೇನೆ ತೋಟಾದ ಮದ್ದನ್ನು ಬದಲಾಯಿಸಿತು. ತೂತು ಅದೇ, ಅದರ ಜಾಗವೂ ಅದೇ. ಆದರೆ ಹೊಸ ಮದ್ದಿನಿಂದ ತೂತಿನ ಬಳಿ ಒತ್ತಡ ಏರಿತು, ಬೋಲ್ಟಿನ ಚಲನೆ ಅವಸರದ್ದಾಯಿತು. ಒತ್ತಡದಿಂದ ಉಬ್ಬಿ ಗೋಡೆಗೆ ಅಂಟಿದ ಖಾಲಿ ತೋಟಾ ಇನ್ನೂ ಸಡಿಲವಾಗುವ ಮೊದಲೇ ಬೋಲ್ಟು ಅದನ್ನು ಕಿತ್ತೆಳೆಯತೊಡಗಿತು. ಜೊತೆಗೆ ಮಸಿ ಹೆಚ್ಚು, ತೇವದ ಹವೆ, ತೋಟಾ ಕೂರುವ ಕೋಣೆಗೆ ಕ್ರೋಮಿಯಂ ಲೇಪನವಿಲ್ಲ, ಸಿಪಾಯಿಗಳ ಕೈಗೆ ಶುಚಿಮಾಡುವ ಸಾಮಗ್ರಿಯೂ ಸಾಲದು. ವಿಯೆಟ್ನಾಮಿನಲ್ಲಿ ಹೋರಾಟದ ನಡುವೆಯೇ ರೈಫಲ್ಲುಗಳು ಕೆಟ್ಟು ನಿಂತವು. ಸತ್ತ ಸಿಪಾಯಿಗಳ ಪಕ್ಕದಲ್ಲಿ ಕಚ್ಚಿಕೊಂಡ ರೈಫಲ್ಲುಗಳು ಸಿಕ್ಕ ವರದಿಗಳು ಬಂದವು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ವಿಚಾರಣೆ ನಡೆಸಿ, ಮದ್ದಿನ ಬದಲಾವಣೆಯ ಕಡೆಗೇ ಬೆರಳು ತೋರಿಸಿತು.

ನಮ್ಮ ಸೇನೆ ದಶಕಗಳ ಕಾಲ ಬಳಸಿದ 7.62 ಎಸ್‌ಎಲ್‌ಆರ್ ರೈಫಲ್ಲನ್ನು ನೋಡಿದವರಿಗೆ ಅದರಲ್ಲೊಂದು ಗ್ಯಾಸ್ ರೆಗ್ಯುಲೇಟರ್ ಇದ್ದದ್ದು ನೆನಪಿರಬಹುದು. ಎಷ್ಟು ಅನಿಲವನ್ನು ಹೊರಬಿಡಬೇಕು, ಎಷ್ಟನ್ನು ಪಿಸ್ಟನ್ನಿಗೆ ಉಳಿಸಬೇಕು ಎಂಬುದನ್ನು ಅದು ಸಿಪಾಯಿಯ ಕೈಗೇ ಬಿಡುತ್ತದೆ. ಮಸಿ ಕಟ್ಟಿದಾಗ ಹೊರಹೋಗುವ ದಾರಿಯನ್ನು ಕಿರಿದು ಮಾಡಿದರಾಯಿತು. ಎಂ-16ರಲ್ಲಿ ಇಂಥ ತಿರುಪು ಇರಲಿಲ್ಲ. ಅಲ್ಲಿ ಬೋಲ್ಟಿನ ಹಿಂದಿನ ಬಫರನ್ನು ಬದಲಾಯಿಸಿದರು, ಕೋಣೆಗೆ ಕ್ರೋಮಿಯಂ ಲೇಪಿಸಿದರು, ಶುಚಿಮಾಡುವ ಪೆಟ್ಟಿಗೆ ಕೊಟ್ಟರು. ಇದನ್ನೆಲ್ಲ ಸಿಪಾಯಿಗೆ ಅರ್ಥವಾಗುವಂತೆ ತಿಳಿಸಲು ಸೇನೆ ಆರಿಸಿಕೊಂಡದ್ದು ಚಿತ್ರಕಥೆಯ ಪುಸ್ತಿಕೆಯನ್ನು. ಅದರ ಚಿತ್ರಗಳನ್ನು ಬರೆದವನು ಆ ದೇಶದ ಹೆಸರಾಂತ ಚಿತ್ರಕಥೆಗಾರ ವಿಲ್ ಐಸ್ನರ್.